ಹಳದಿ ಚುಕ್ಕಿಯ ವಾಲ್ವ್

ರೇಡಿಯೋ ವಾಲ್ವನ್ನು ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ತಟ್ಟಬೇಕು, ಮರದ ತುದಿಯಿಂದ ಅಲ್ಲ. ಮಲಗಿರುವ ಮಗುವಿನ ಬೆನ್ನು ತಟ್ಟುವಷ್ಟು ಸಾಕು. ಒಳ್ಳೆಯ ವಾಲ್ವಾದರೆ ಹೆಡ್‌ಫೋನಿನಲ್ಲಿ ‘ಟಕ್’ ಎಂದು ಕೇಳಿ ಅಲ್ಲಿಗೇ ಮುಗಿಯುತ್ತದೆ. ಕೆಟ್ಟದ್ದಾದರೆ ಆ ‘ಟಕ್’ ಹಿಂದೆಯೇ, ಗಂಟೆ ಹೊಡೆದು ನಿಲ್ಲಿಸಿದ ಮೇಲೂ ಉಳಿಯುವ ಎಳೆಯ ಹಾಗೆ, ಸಣ್ಣದೊಂದು ನಾದ ಉಳಿಯುತ್ತದೆ. ಅದಕ್ಕೆ ನಾವು ಫ್ಯಾಕ್ಟರಿಯಲ್ಲಿ ‘ಬಾಲ’ ಎನ್ನುತ್ತಿದ್ದೆವು. ಬಾಲ ಇದ್ದರೆ ರಿಜೆಕ್ಟ್. ತಟ್ಟಿ, ಮನಸ್ಸಿನಲ್ಲೇ ಮೂರು ಎಣಿಸಿ, ಬಾಲ ಇಲ್ಲವೆಂದು ಖಾತ್ರಿಯಾದ ಮೇಲೆ ವಾಲ್ವಿನ ಬುಡದಲ್ಲಿ ಬಣ್ಣದ ಒಂದು ಚುಕ್ಕಿ ಇಡಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಾಳೆ ಏನಾದರೂ ಕಂಪ್ಲೇಂಟ್ ಬಂದರೆ ಯಾರ ಕಿವಿ ಎಂದು ಗೊತ್ತಾಗಲಿ ಎಂದು.

ನನ್ನದು ಹಸಿರು. ಪಕ್ಕದ ಸ್ಟೂಲಿನವಳದ್ದು ಹಳದಿ.

ಇದು ನನ್ನ ಇಪ್ಪತ್ತೊಂದನೆಯ ವಯಸ್ಸಿನ ಮಾತು. ಆಗ ರೇಡಿಯೋ ಎಂದರೆ ಒಳಗೆ ವಾಲ್ವ್ ಇರುತ್ತಿತ್ತು: ಹೆಬ್ಬೆರಳಿನ ಗಾತ್ರದ ಗಾಜಿನ ಬುರುಡೆ, ಅದರೊಳಗೆ ಕೆಂಡದ ಎಳೆಯಂಥ ತಂತಿ. ಅದು ಕಾದ ಮೇಲೆಯೇ ಹಾಡು. ಸ್ವಿಚ್ ಹಾಕಿ ಕಾಯಬೇಕಿತ್ತು. ಆ ಕಾಯುವುದೂ ಹಾಡಿನದೇ ಒಂದು ಭಾಗವಾಗಿತ್ತು. ಜಯನಗರದ ನಮ್ಮ ಮನೆಯಿಂದ ಊರಿನ ಇನ್ನೊಂದು ತುದಿಯ ಫ್ಯಾಕ್ಟರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹಣೆಗೆ ವಿಭೂತಿ ಇಟ್ಟು, ಅಪ್ಪನಿಗೆ ನಮಸ್ಕಾರ ಮಾಡಿ, ಟಿಫಿನ್ ಡಬ್ಬಿ ಹಿಡಿದು. ಕಾನ್ವೆಂಟಿನಲ್ಲಿ ಓದಿದ ಮಗಳು ಫ್ಯಾಕ್ಟರಿಗೆ ಹೋಗುವುದು ಅಪ್ಪನಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ, “ನಮ್ ಹುಡುಗಿ ಎಲೆಕ್ಟ್ರಾನಿಕ್ಸ್‌ನಲ್ಲಿದಾಳೆ,” ಎಂದು ಹೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಪಕ್ಕದ ಸ್ಟೂಲಿನ ಗೆಳತಿ ಹುಳಿಮಾವಿನವಳು. ಆಗ ಹುಳಿಮಾವು ಬೆಂಗಳೂರಿಗೆ ಸೇರಿರಲಿಲ್ಲ. ಅವಳ ಅಣ್ಣ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದು ಜಯನಗರದಲ್ಲಿ ಅವಳನ್ನು ಫ್ಯಾಕ್ಟರಿ ಬಸ್ಸು ಹತ್ತಿಸುತ್ತಿದ್ದ. ಬಸ್ಸು ಹತ್ತುವಾಗ ಅವಳ ಸೀರೆಯ ಅಂಚಿನಲ್ಲಿ ಯಾವಾಗಲೂ ಕೆಮ್ಮಣ್ಣು. ಓದಿದ್ದು ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿ. ಕಿವಿ ಮಾತ್ರ ಇಡೀ ಸೆಕ್ಷನ್ನಿನಲ್ಲಿ ಅವಳದ್ದೇ. ನಾನು ಮೂರು ಎಣಿಸಿದ ಮೇಲೂ ಅನುಮಾನದಲ್ಲಿರುವಾಗ ಅವಳು ತನ್ನ ಹೆಡ್‌ಫೋನ್ ತೆಗೆದು ನನ್ನದಕ್ಕೆ ಕಿವಿ ತಾಗಿಸಿ, “ಬಾಲ ಅದೆ. ಎಸಿ ಅತ್ಲಾಗೆ,” ಎನ್ನುತ್ತಿದ್ದಳು.

“ಏನೇ ಕಾನ್ವೆಂಟು, ನಿಮ್ ಸಿಸ್ಟರ್‌ಗಳು ನಿಂಗೆ ಕಿವಿ ಕೊಟ್ಟು ಕೇಳೋದು ಹೇಳ್ಕೊಟ್ಟಿಲ್ವಾ?”

“ಪಿಯಾನೋ ಹೇಳ್ಕೊಟ್ಟಿದಾರೆ ಕಣೇ.”

“ಹಂಗಾದ್ರೆ ಹೋಗಿ ಪಿಯಾನೋನೇ ತಟ್ಟು. ನನ್ ಟ್ರೇ ತಂಟೆಗೆ ಬರ್ಬೇಡ.”

ಕೆಟ್ಟ ವಾಲ್ವ್ ಸಿಕ್ಕಾಗ ಅವಳ ಕೈ ಅಲುಗುವ ಮೊದಲೇ ಎಡಹುಬ್ಬು ಒಂದು ನೂಲಿನಷ್ಟು ಮೇಲೆ ಹೋಗುತ್ತಿತ್ತು. ಅವಳಿಗೇ ಅದು ಗೊತ್ತಿರಲಿಲ್ಲ. ನಾನು ನನ್ನ ಕೆಲಸ ಬಿಟ್ಟು ಆ ಹುಬ್ಬನ್ನೇ ನೋಡುತ್ತಿದ್ದ ದಿನಗಳಿವೆ. ಅವಳ ಹೆಡ್‌ಫೋನಿನೊಳಗಿನ ಸದ್ದು ನನಗೆ ಅವಳ ಮುಖದಲ್ಲಿ ಕೇಳಿಸುತ್ತಿತ್ತು.

ಈಗ ನನಗೆ ಎಪ್ಪತ್ತನಾಲ್ಕು. ಗಿರಿನಗರದಲ್ಲಿ ನಾನೂ ನನ್ನ ತಂಗಿಯೂ ಒಟ್ಟಿಗಿದ್ದೇವೆ. ನನ್ನ ಯಜಮಾನರು ಹೋಗಿ ಬಹಳ ಕಾಲವಾಯಿತು. ತಂಗಿ ಮದುವೆಯೇ ಆಗಲಿಲ್ಲ, ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಟ್ಟಳು. ಅವಳ ಹಳೆಯ ವಿದ್ಯಾರ್ಥಿಗಳು ಬನಶಂಕರಿಯ ಮಾರ್ಕೆಟ್ಟಿನಲ್ಲಿ, ಮೆಟ್ರೋದಲ್ಲಿ, ಎಲ್ಲೆಂದರಲ್ಲಿ “ಮಿಸ್, ನಮಸ್ಕಾರ ಮಿಸ್,” ಎಂದು ಎದುರಾಗುತ್ತಾರೆ. ಹೋದ ವರ್ಷ ಹಾಗೆ ಎದುರಾದವನೊಬ್ಬ, ನಲವತ್ತು ದಾಟಿದವನು, ಕಿವಿಯ ಮೇಲೆ ನರೆತ ಕೂದಲು, ಮನೆಯವರೆಗೆ ನಮ್ಮ ತರಕಾರಿ ಚೀಲ ಹೊತ್ತು ತಂದ. ಏನು ಮಾಡ್ತೀಯಪ್ಪ ಎಂದು ತಂಗಿ ಕೇಳಿದಳು.

“ಗಿಟಾರ್ ಆಂಪ್ಲಿಫೈಯರ್ ಮಾಡ್ತೀನಿ ಮಿಸ್. ಕೈಯಲ್ಲೇ. ಟ್ಯೂಬ್ ಆಂಪ್ಸ್.”

“ಟ್ಯೂಬ್‌ಲೈಟ್ ತರಾನಾ?”

“ಅಲ್ಲ ಮಿಸ್. ಹಳೇ ರೇಡಿಯೋದಲ್ಲಿ ಇರ್ತಿತ್ತಲ್ಲ, ಗ್ಲಾಸಿಂದು...”

“ವಾಲ್ವ್,” ಎಂದೆ ನಾನು ಅಡುಗೆಮನೆಯಿಂದ. “ಟ್ಯೂಬ್ ಅನ್ನೋದು ಅಮೆರಿಕಾದವರು. ನಾವು ವಾಲ್ವ್ ಅಂತಿದ್ವಿ.”

“ನೀನು ಟ್ಯೂಬ್ ಅನ್ನು ಪರ್ವಾಗಿಲ್ಲ,” ಎಂದಳು ತಂಗಿ ಅವನಿಗೆ. “ನಮ್ಮಕ್ಕ ಹದಿನೈದು ವರ್ಷ ಅದನ್ನ ತಟ್ಟಿ ತಟ್ಟಿ ನೋಡಿದಾಳೆ. ಅದಕ್ಕೇ ಈ ತಿದ್ದೋ ಚಟ.”

ಅವನು ಕಾಫಿಯ ಲೋಟ ಕೆಳಗಿಟ್ಟು, “ಆಂಟಿ, ನೀವು ಟ್ಯಾಪ್ ಟೆಸ್ಟ್ ಮಾಡ್ತಿದ್ರಾ? ಫ್ಯಾಕ್ಟರಿಲಿ?” ಎಂದು ಕೇಳಿದ ದನಿ ಇನ್ನೂ ನನ್ನ ಬಳಿ ಇದೆ. ನನ್ನ ಜೀವಮಾನದಲ್ಲಿ ಆ ಕೆಲಸದ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. ಯಜಮಾನರು ಕೂಡ.

ಅವನ ವರ್ಕ್‌ಶಾಪ್ ಇದ್ದದ್ದು ಹುಳಿಮಾವಿನಲ್ಲಿ. ಅವನು ವಿಳಾಸ ಹೇಳಿದಾಗ ನಾನು ಎರಡು ಸಲ ಕೇಳಿಸಿಕೊಂಡೆ.

ಕೆರೆಯ ಹಿಂದಿನ ಬೀದಿಯಲ್ಲಿ, ಮೂರಂತಸ್ತಿನ ಮನೆಯ ಮೊದಲ ಮಹಡಿ. ಕೆಳಗೆ ಓನರಮ್ಮ. ಅವರದ್ದು ಹಳೆಯ ಊರಿನ ಕುಟುಂಬ. ಹೊಲ ಹೋದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ, ನಾನು ಮೆಟ್ಟಿಲು ಹತ್ತುವಾಗಲೆಲ್ಲ, “ಏನ್ ಮೇಡಮ್ಮೋರೆ, ಇವತ್ತೂ ಕುಟ್ಟಾಕ್ ಬಂದ್ರಾ? ನಮ್ಮನೇಲಿ ಮೆಣಸಿನಕಾಯಿ ಅವೆ, ಅದನ್ನೂ ಒಂಚೂರು ಕುಟ್ಕೊಡಿ,” ಎನ್ನುತ್ತಿದ್ದರು. ನಾನು ನಕ್ಕು ಮೇಲೆ ಹೋಗುತ್ತಿದ್ದೆ. ಅವರ ವಯಸ್ಸು ನನಗಿಂತ ಆರೇಳು ವರ್ಷ ಕಡಿಮೆ ಇರಬಹುದು. ಈ ಊರಲ್ಲೇ ಹುಟ್ಟಿ ಈ ಊರಲ್ಲೇ ಮದುವೆಯಾದವರು. ಅವರನ್ನು ಒಂದು ಪ್ರಶ್ನೆ ಕೇಳಬಹುದಿತ್ತು. ಒಂದು ವರ್ಷ ನಾನು ಕೇಳಲಿಲ್ಲ.

ಮೇಲೆ ಬಾಗಿಲು ತೆಗೆದರೆ ಬಿಸಿ ರಾಳದ ವಾಸನೆ. ಸೋಲ್ಡರ್ ಕರಗುವಾಗ ಏಳುವ ಆ ಹೊಗೆ. ಮೊದಲ ದಿನ ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವನು, “ಸ್ಮೆಲ್ ಜಾಸ್ತಿನಾ ಆಂಟಿ? ಫ್ಯಾನ್ ಹಾಕ್ಲಾ?” ಎಂದ. ಬೇಡ ಎಂದೆ. ಕೆಲವರಿಗೆ ಮಲ್ಲಿಗೆ, ಕೆಲವರಿಗೆ ಮಳೆ ಬಿದ್ದ ಮಣ್ಣು. ನನಗೆ ಇದು.

ಅವನು ಒಂದು ಆಂಪ್ ಮಾಡಲು ಎರಡು ತಿಂಗಳು ತೆಗೆದುಕೊಳ್ಳುತ್ತಾನೆ. ಪ್ರಿಂಟ್ ಮಾಡಿದ ಬೋರ್ಡ್ ಇಲ್ಲ. ಒಂದೊಂದು ತಂತಿಯನ್ನೂ ಕೈಯಲ್ಲಿ ಬಗ್ಗಿಸಿ, ಕತ್ತರಿಸಿ, ಅದರ ಜಾಗಕ್ಕೆ ಕೂರಿಸುತ್ತಾನೆ. ಮುಗಿದ ಮೇಲೆ ಒಳಗೆ ನೋಡಿದರೆ ಮಾರ್ಗಶಿರದ ರಂಗೋಲಿ. ಹೊರಗೆ ತೇಗದ ಪೆಟ್ಟಿಗೆ. ಇದು ಯಾಕೆ, ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ, “ಸಿಗುತ್ತೆ ಆಂಟಿ. ಅದು ಹೊಡೆದ ತಕ್ಷಣ ಕೂಗುತ್ತೆ. ಇದು ಉಸಿರು ತಗೊಂಡು ಕೂಗುತ್ತೆ,” ಎಂದ. ಪ್ರತಿ ಆಂಪಿನ ಒಳಗೆ, ಯಾರಿಗೂ ಕಾಣದ ಕಡೆ, ಅದಕ್ಕೆ ಕೈ ಹಾಕಿದವರ ಹೆಸರನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆಯುವುದು ಅವನ ಪದ್ಧತಿ: ಪೆಟ್ಟಿಗೆ ಮಾಡಿದ ಬಡಗಿ, ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟ ಜೆ.ಪಿ. ನಗರದ ಮುದುಕ. ಆಮೇಲಾಮೇಲೆ, ‘ಕಿವಿ’ ಎಂದು ಬರೆದು ಅದರ ಮುಂದೆ ನನ್ನ ಹೆಸರು.

ಈಗ ನಮ್ಮಲ್ಲಿ ಯಾರೂ ವಾಲ್ವ್ ಮಾಡುವುದಿಲ್ಲ. ಅವನು ಹಳೆಯ ಸ್ಟಾಕನ್ನು ಎಲ್ಲೆಲ್ಲಿಂದಲೋ ಹುಡುಕಿ ಗೋಣಿಚೀಲದಲ್ಲಿ ತರುತ್ತಾನೆ. ಮೀಟರ್ ಹಿಡಿದರೆ ಜೀವ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಬಾಲ ಇದೆಯೋ ಇಲ್ಲವೋ ತಟ್ಟಿಯೇ ನೋಡಬೇಕು. ಅದು ನನ್ನ ಕೆಲಸವಾಯಿತು. ಮಂಗಳವಾರ, ಶುಕ್ರವಾರ. ಚುಕ್ಕಿಗೆ ಹಸಿರು ನೈಲ್ ಪಾಲಿಶ್ ಕೊಂಡೆ. “ಈ ವಯಸ್ಸಲ್ಲಿ ಹಸಿರು ನೈಲ್ ಪಾಲಿಶ್,” ಎಂದಳು ತಂಗಿ. “ಕಾನ್ವೆಂಟ್ ಸಿಸ್ಟರ್‌ಗಳು ನೋಡಿದ್ರೆ ಮೊಣಕಾಲ ಮೇಲೆ ನಿಲ್ಲಿಸೋರು.”

ಆ ಎರಡು ದಿನಗಳಿಗಾಗಿ ವಾರದ ಮಿಕ್ಕ ಐದು ದಿನ ಬದುಕುತ್ತಿದ್ದೆ ಎಂದರೆ ಅತಿಶಯೋಕ್ತಿ ಅಲ್ಲ. ಇನ್ನೊಂದು ಕಾರಣವನ್ನೂ ಹೇಳಬೇಕು. ಒಂದು ದಿನ ಆ ಗೋಣಿಚೀಲಗಳಲ್ಲಿ ನಮ್ಮ ಫ್ಯಾಕ್ಟರಿಯ ವಾಲ್ವುಗಳು ಬಂದಾವು, ಬುಡದಲ್ಲಿ ಹಳದಿ ಚುಕ್ಕಿ ಇದ್ದೀತು ಎಂದು ಪ್ರತಿ ಸಲ ನ್ಯೂಸ್‌ಪೇಪರ್ ಸುತ್ತು ಬಿಚ್ಚುವಾಗಲೂ ಮೊದಲು ಬುಡವನ್ನೇ ತಿರುಗಿಸಿ ನೋಡುತ್ತಿದ್ದೆ.

ಕಿವಿಯ ವಿಷಯಕ್ಕೆ ಬರುತ್ತೇನೆ. ಈ ಯುಗಾದಿಯ ಹೊತ್ತಿಗೆ ಒಂದು ಸಂಜೆ, “ಈ ಸಲ ಸೊಳ್ಳೆ ಕಮ್ಮಿ ಅಲ್ವಾ?” ಎಂದೆ. ತಂಗಿ ಬ್ಯಾಟು ಬೀಸುತ್ತಾ, “ಸೊಳ್ಳೆ ಕಮ್ಮಿ ಆಗಿಲ್ಲ ಕಣೇ ಅಕ್ಕ, ನಿನ್ ಕಿವಿ ಕಮ್ಮಿ ಆಗಿದೆ. ನಿನ್ ತಲೆ ಸುತ್ತಾನೇ ಮೂರು ಹಾರ್ತಿವೆ,” ಎಂದಳು. ನಾನು ನಕ್ಕೆ. ಮರುದಿನ ಮಿಕ್ಸಿ, ಕುಕ್ಕರ್, ಕೋಗಿಲೆ ಎಲ್ಲವನ್ನೂ ಲೆಕ್ಕ ಹಿಡಿದು ಕೇಳಿದೆ. ದಪ್ಪ ಸದ್ದುಗಳೆಲ್ಲ ಇದ್ದವು. ಸಣ್ಣವು ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು. ಎಡಗಿವಿ ಹೆಚ್ಚುಕಡಿಮೆ ಬಾಗಿಲು ಹಾಕಿತ್ತು. ಬಲಗಿವಿಯಲ್ಲಿ ಮನುಷ್ಯರ ಮಾತು ಚೆನ್ನಾಗಿಯೇ ಬರುತ್ತಿತ್ತು.

ವಾಲ್ವಿನ ‘ಟಕ್’ ನನಗೆ ಕೇಳುತ್ತದೆ. ಬಾಲ ಕೇಳುವುದಿಲ್ಲ. ಇದು ಗೊತ್ತಾದ ಮೇಲೂ ನಾನು ಮಂಗಳವಾರ ಹೋದೆ, ಶುಕ್ರವಾರ ಹೋದೆ. ಕೈಯಲ್ಲಿ ಹಿಡಿದರೆ ತೂಕದಲ್ಲೇ ತಿಳಿಯುತ್ತದೆ, ಅಷ್ಟು ವರ್ಷದ ಅನುಭವ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಸ್ಟೂಲನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ಶುಕ್ರವಾರ ಹಳದಿ ಚುಕ್ಕಿ ಬಂತು.

ಹಳೆಯ ತಮಿಳು ಪೇಪರಿನ ಸುತ್ತಿನಲ್ಲಿತ್ತು. ಬುಡ ತಿರುಗಿಸಿದರೆ ಸಾಸಿವೆ ಕಾಳಿನಷ್ಟು ಹಳದಿ, ಅಂಚಿನಲ್ಲಿ ಸ್ವಲ್ಪ ಎದ್ದಿದೆ. ಅವಳು ಬ್ರಷ್ಷನ್ನು ಒತ್ತಿ ತಿರುಗಿಸುತ್ತಿದ್ದಳು, ಹಣೆಗೆ ಕುಂಕುಮ ಇಡುವ ಹಾಗೆ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಸಾಕೆಟ್ಟಿಗೆ ಹಾಕಿ, ಕಾಯಿಸಿ, ತಟ್ಟಿದೆ. ಟಕ್. ಒಂದು, ಎರಡು, ಮೂರು. ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ಬಾಲ ಇಲ್ಲದ್ದರಿಂದಲೋ, ಕಿವಿ ಇಲ್ಲದ್ದರಿಂದಲೋ ಎಂದು ಒಂದು ಕ್ಷಣ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವಳ ಕಿವಿ ಪಾಸ್ ಮಾಡಿದ್ದನ್ನು ನಾನು ಯಾರು ರಿಜೆಕ್ಟ್ ಮಾಡಲು. ಫ್ಯಾಕ್ಟರಿಯಲ್ಲಿ ಒಂದು ವಾಲ್ವಿಗೆ ಒಂದೇ ಚುಕ್ಕಿ. ಅವಳದ್ದು, ನನ್ನದು ಯಾವತ್ತೂ ಒಂದರ ಮೇಲೆ ಕೂತಿರಲಿಲ್ಲ. ಹಳದಿಯ ಪಕ್ಕ ಹಸಿರು ಇಟ್ಟೆ. ಅದು ಒಣಗುವವರೆಗೆ ನೋಡುತ್ತಾ ಕೂತೆ.

ಅವನು ಆ ವಾಲ್ವನ್ನು ಆ ವಾರವೇ ಮುಗಿಯುತ್ತಿದ್ದ ಆಂಪಿನ ಮೊದಲ ಸಾಕೆಟ್ಟಿಗೆ ಹಾಕಿದ. ಗಿಟಾರಿನ ತಂತಿಯಿಂದ ಬರುವ ಸದ್ದು ಎಲ್ಲಕ್ಕಿಂತ ಮೊದಲು ಹೋಗುವುದು ಅಲ್ಲಿಗೆ. ಅಲ್ಲಿ ಸಣ್ಣ ದೋಷವಿದ್ದರೆ ಮುಂದೆ ನೂರು ಪಟ್ಟು. ಸಾಮಾನ್ಯವಾಗಿ ಜೋರಾಗಿ ನುಡಿಸಿ ನೋಡಿಯೇ ಕಳಿಸುತ್ತಿದ್ದ. ಆ ತಿಂಗಳು ಓನರಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು, ಕೆಳಗೆ ಹಸುಗೂಸು. “ಆಂಟಿ ಚುಕ್ಕಿ ಇದ್ಯಲ್ಲ, ಸಾಕು,” ಎಂದು ಮೆಲ್ಲಗೆ ನುಡಿಸಿ ಪ್ಯಾಕ್ ಮಾಡಿದ.

ಹತ್ತು ದಿನದಲ್ಲಿ ಆಂಪ್ ವಾಪಸ್ ಬಂತು. ಬಿ.ಟಿ.ಎಂ. ಲೇಔಟಿನ ಹುಡುಗಿಯೊಬ್ಬಳು, ಅವಳೇ ಕೊಂಡವಳು, ಆಟೋದಲ್ಲಿ ತಂದು ಮೆಟ್ಟಿಲು ಹತ್ತಿಸಿ ಏದುಸಿರು ಬಿಡುತ್ತಾ ನೆಲಕ್ಕಿಟ್ಟಳು. ಆರು ತಿಂಗಳು ಕಾದು ತೆಗೆದುಕೊಂಡಿದ್ದಳು, ಅವಳ ಬ್ಯಾಂಡಿನ ಮೊದಲ ಷೋಗೆಂದು.

“ಅಣ್ಣಾ, ಎರಡನೇ ಸಾಂಗಲ್ಲೇ ಶುರುವಾಯ್ತು. ಕೆಲವು ನೋಟ್ ಹೊಡೆದ್ರೆ ಸಾಕು, ಒಳಗೆ ಯಾರೋ ಸ್ಪೂನ್ ಬೀಳಿಸ್ದಂಗೆ. ವಾಲ್ಯೂಮ್ ಏರಿಸಿದ್ರೆ ಕೀಂ ಅನ್ನುತ್ತೆ. ಜನ ಕಿವಿ ಮುಚ್ಕೊಂಡ್ರು. ನಂಗೆ ಸ್ಟೇಜ್ ಇಂದ ಇಳಿದು ಹೋಗ್ಬೇಕು ಅನ್ನಿಸ್ತು.”

“ಸಾರಿ ಕಣಮ್ಮ. ನಂದೇ ತಪ್ಪು, ನೋಡ್ತೀನಿ,” ಎಂದ ಅವನು.

ಅವಳು ಹೋದ ಮೇಲೆ ಅವನು ಹಿಂದಿನ ಹಲಗೆ ಬಿಚ್ಚಿ ಒಂದೊಂದೇ ವಾಲ್ವ್ ತಟ್ಟಿದ. ಮೊದಲನೆಯದರಲ್ಲೇ ನಿಂತ. ಕಿತ್ತು ಬುಡ ನೋಡಿದ. “ಎರಡು ಚುಕ್ಕಿ ಇದೆ ಆಂಟಿ. ಈ ಹಳದಿ ಯಾರದ್ದು?”

“ಫ್ಯಾಕ್ಟರಿದು. ಹಳೇ ವಾಲ್ವ್ ಅಲ್ವಾ,” ಎಂದೆ. “ಐವತ್ತು ವರ್ಷ ಬಿದ್ದಿದ್ದು. ಅವಳು ಆಗ ಸರಿಯಾಗಿ ನೋಡಿರ್ಲಿಲ್ಲವೋ ಏನೋ.”

ಬಾಯಿಂದ ಬಂದುಬಿಟ್ಟಿತು. ಯಾರೂ ನನಗೆ ಹೇಳು ಎಂದಿರಲಿಲ್ಲ.

ಅವತ್ತು ಬನಶಂಕರಿಯಲ್ಲಿ ಬಸ್ಸು ಬದಲಿಸಬೇಕಾದವಳು ಸ್ಟ್ಯಾಂಡಿನ ಬೆಂಚಿನಲ್ಲಿ ಕೂತುಬಿಟ್ಟೆ. ಎರಡು ಬಸ್ಸು ಹೋದವು. ಇದೇ ಮಾತನ್ನು, ಬಾಯಿಬಿಟ್ಟು ಹೇಳದಿದ್ದರೂ, ನಾನು ಹಿಂದೆ ಒಮ್ಮೆ ಹೇಳಿದ್ದೆ.

ಫ್ಯಾಕ್ಟರಿಯಲ್ಲಿ ನಮ್ಮ ಮೂರನೆಯ ವರ್ಷ. ಒಂದು ಮಧ್ಯಾಹ್ನ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸೂಪರ್‌ವೈಸರ್ ಬೇಗ ಬಿಡುವ ಮನುಷ್ಯನಲ್ಲ, ಟ್ರೇ ಮುಗಿದರೆ ಮಾತ್ರ ಗೇಟ್ ಪಾಸ್. ಅವಳ ಟ್ರೇಯಲ್ಲಿ ನಲವತ್ತು ವಾಲ್ವ್ ಉಳಿದಿದ್ದವು. ನೀನು ಹೋಗೇ, ನಾನು ಮುಗಿಸ್ತೀನಿ ಎಂದೆ. ಅವಳ ಹಳದಿ ಬಣ್ಣದ ಶೀಶೆ ನನ್ನ ಕಡೆ ಸರಿಸಿ, “ಮೂರು ಎಣಿಸ್ಬೇಕು ಕಣೇ, ನಿನ್ ಇಂಗ್ಲಿಷಲ್ಲಾದ್ರೂ ಎಣಿಸು,” ಎಂದು ಓಡಿದಳು. ನನ್ನದೇ ಟ್ರೇ ಬಾಕಿ ಇತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಎಣಿಸಲಿಲ್ಲ. ಟಕ್, ಚುಕ್ಕಿ, ಟಕ್, ಚುಕ್ಕಿ. ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆ.

ಎರಡು ತಿಂಗಳಾದ ಮೇಲೆ ಆ ಲಾಟಿನ ಒಂದು ಪಾಲು ವಾಪಸ್ ಬಂತು. ರೇಡಿಯೋದವರು ಬರೆದಿದ್ದರು: ವಾಲ್ವುಗಳು ನಾದ ಕೊಡುತ್ತಿವೆ. ಚುಕ್ಕಿ ಹಳದಿ. ಸೂಪರ್‌ವೈಸರ್ ಟ್ರೇ ಹಿಡಿದು ಬಂದು ಅವಳ ಮುಂದೆ ಕುಕ್ಕಿದರು. ಟ್ರೇಯ ಚೀಟಿಯಲ್ಲಿ ತಾರೀಖಿತ್ತು. ಅವಳು ಅದನ್ನು ಓದಿದಳು, ಆಮೇಲೆ ನನ್ನ ಕಡೆ ಒಮ್ಮೆ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ನಾನು ಬಾಯಿ ತೆಗೆಯುತ್ತೇನೇನೋ ಎಂದು ಕಾದಂತಿತ್ತು. ಅವಳು ಮೂರು ಎಣಿಸಿದಳೆಂದು ನನಗೆ ಈಗ ಅನಿಸುತ್ತದೆ.

“ನಂದೇ ಸಾರ್,” ಎಂದಳು.

ನನ್ನ ಇಂಗ್ಲಿಷ್ ಎಂದರೆ ಸೂಪರ್‌ವೈಸರಿಗೆ ಅಳುಕು. ನಾನು ಎರಡು ವಾಕ್ಯ ಹೇಳಿದ್ದರೆ ಒಂದು ವಾರ್ನಿಂಗಿನಲ್ಲಿ ಮುಗಿಯುತ್ತಿತ್ತು. ಕಾನ್ವೆಂಟಿನ ಕಾರಿಡಾರಿನಲ್ಲಿ ‘ಆನೆಸ್ಟಿ’ ಎಂದು ಬಂಗಾರದ ಅಕ್ಷರದಲ್ಲಿ ಬರೆದಿದ್ದನ್ನು ಹತ್ತು ವರ್ಷ ದಿನಾ ದಾಟಿ ಕ್ಲಾಸಿಗೆ ಹೋದವಳು ನಾನು. ಹೆಡ್‌ಫೋನ್ ಹಾಕಿಕೊಂಡು ಮುಂದಿನ ವಾಲ್ವ್ ತಟ್ಟಿದೆ.

ಅವಳಿಗೆ ಮೆಮೋ ಕೊಟ್ಟರು. ಪ್ಯಾಕಿಂಗ್ ಸೆಕ್ಷನ್ನಿಗೆ ಹಾಕಿದರು. ಆ ಕಿವಿಯನ್ನು ರಟ್ಟಿನ ಡಬ್ಬಿ ಮಡಿಸಲು ಕೂರಿಸಿದರು. ಕ್ಯಾಂಟೀನಿನಲ್ಲಿ ಸಿಕ್ಕಾಗ ಅವಳೇ, “ಬಿಡೇ. ಅಲ್ಲಿ ತಲೆ ಮೇಲೆ ಹೆಡ್‌ಫೋನ್ ಭಾರ ಇಲ್ಲ, ಹಾಯಾಗಿದೀನಿ,” ಎಂದು ತನ್ನ ಡಬ್ಬಿಯ ಅವರೆಕಾಳು ಉಪ್ಪಿಟ್ಟನ್ನು ನನ್ನ ಮುಚ್ಚಳಕ್ಕೆ ಹಾಕಿದಳು. ಅದನ್ನು ತಿಂದೆ. ಮರುವರ್ಷ ಅದೇ ಗಂಡನ್ನು ಮದುವೆಯಾಗಿ ಮಾಗಡಿ ಕಡೆಗೆ ಹೋದಳು. ಒಂದು ಕಾಗದ ಬಂತು. ಅದರಲ್ಲಿ ತನ್ನ ವಿಳಾಸ ಬರೆದು, ‘ಬಾಲ ಇಲ್ಲದ ಕಾಗದ ಬರಿ’ ಎಂದಿದ್ದಳು. ಏನು ಬರೆಯಬೇಕೆಂದು ಯೋಚಿಸುತ್ತಾ ನಾನು ಬರೆಯಲೇ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೊಳೆದದ್ದು ಇನ್ನೂ ಒಂದು. ಅವನ ಮೇಜಿನ ಮೇಲಿರುವ ಆ ವಾಲ್ವಿನ ಹಳದಿ ಚುಕ್ಕಿ ಅವಳು ಇಟ್ಟದ್ದೋ, ಆ ಮಧ್ಯಾಹ್ನ ಅವಳ ಶೀಶೆಯಿಂದ ನಾನು ಇಟ್ಟದ್ದೋ, ಯಾರು ಹೇಳಬಲ್ಲರು?

ಮಂಗಳವಾರ ಹೋಗಲಿಲ್ಲ. ತಂಗಿ ಕಾರಣ ಕೇಳಿದಳು, ಮಂಡಿ ನೋವು ಎಂದೆ. “ಮಂಡಿ ಕಿವಿಗಿಂತ ಬೇಗ ಹೋಯ್ತಾ?” ಎಂದು ನನ್ನನ್ನೇ ನೋಡಿದಳು. ಶುಕ್ರವಾರ ಹೋದೆ. ಓನರಮ್ಮ ಬಾಗಿಲಲ್ಲಿ ಇರಲಿಲ್ಲ. ಅವನು ತಂತಿ ಬಗ್ಗಿಸುತ್ತಾ ಕೂತಿದ್ದ.

“ಒಂದು ವಿಷಯ ಹೇಳ್ಬೇಕು ಕಣಪ್ಪ.”

“ಹೇಳಿ ಆಂಟಿ.”

“ಆ ವಾಲ್ವ್‌ದು ಬಾಲ ನನಗೆ ಕೇಳಿಸ್ಲಿಲ್ಲ. ಹಳದಿ ಚುಕ್ಕಿಯವಳ ಮೇಲೆ ಹಾಕ್ದೆ. ಅವಳದ್ದಲ್ಲ ತಪ್ಪು.”

“ಅಯ್ಯೋ, ಅವತ್ತು ಪಕ್ಕದ ಸೈಟಲ್ಲಿ ಡ್ರಿಲ್ಲಿಂಗ್ ಇತ್ತು ಆಂಟಿ, ಯಾರಿಗೂ ಕೇಳ್ತಿರ್ಲಿಲ್ಲ...”

“ಡ್ರಿಲ್ಲಿಂಗ್ ಅಲ್ಲ. ನನ್ನ ಎಡಗಿವಿ ಹೋಗಿದೆ. ಬಲಗಿವಿಯಲ್ಲಿ ಸಣ್ಣ ಸದ್ದು ಬರಲ್ಲ.”

ಅವನು ಪ್ಲೈಯರ್ ಕೆಳಗಿಟ್ಟ. “ಎಷ್ಟು ದಿನದಿಂದ?”

“ಯುಗಾದಿಯಿಂದ. ಅದಕ್ಕೂ ಮುಂಚೆ ಇದ್ದಿರಬಹುದು.”

ಅವನ ಕಣ್ಣು ನನ್ನ ಹಸಿರು ಚುಕ್ಕಿಯ ವಾಲ್ವುಗಳಿದ್ದ ಡ್ರಾಯರಿನ ಕಡೆ ಹೋಯಿತು. “ಹೇಳ್ಬೋದಿತ್ತಲ್ಲ ಆಂಟಿ.”

“ಹೇಳಿದ್ರೆ ಬರ್ಬೇಡಿ ಅಂತಿದ್ದೆ.”

“ಅಂತಿದ್ನೇನೋ,” ಎಂದ.

ಅವನು ಸುಳ್ಳು ಸಮಾಧಾನ ಹೇಳದೆ ಇದ್ದದ್ದು ಒಳ್ಳೆಯದೇ ಆಯಿತು. ಫ್ಯಾಕ್ಟರಿಯ ಕಥೆಯನ್ನೂ ಹೇಳಿದೆ. ಐವತ್ತು ವರ್ಷದಲ್ಲಿ ಮೊದಲ ಸಲ, ಯಜಮಾನರಿಗೂ ತಂಗಿಗೂ ಹೇಳದ್ದನ್ನು, ನಲವತ್ತು ದಾಟಿದ ಹೊರಗಿನವನೊಬ್ಬನಿಗೆ. ಮುಗಿದ ಮೇಲೆ ಅವನು ಎದ್ದು ಡ್ರಾಯರನ್ನೇ ಹೊರಗೆ ಎಳೆದು ಮೇಜಿನ ಮೇಲಿಟ್ಟ. “ಬನ್ನಿ, ಎಲ್ಲಾ ಇನ್ನೊಂದ್ಸಲ ನೋಡೋಣ.”

ಹೆಡ್‌ಫೋನ್ ಅವನು ಹಾಕಿಕೊಂಡ. ಪೆನ್ಸಿಲ್ ಹಿಡಿದ. “ಅಷ್ಟು ಜೋರಾಗಲ್ಲ,” ಎಂದೆ. “ಮಣಿಕಟ್ಟು ಸಡಿಲ ಬಿಡು. ಈಗ ಎಣಿಸು. ಅವಸರ ಬೇಡ.” ಅವನು ತಟ್ಟಿದ, ಕಾದ, ಪಕ್ಕಕ್ಕಿಟ್ಟ. ಮತ್ತೊಂದು. ಆರನೆಯದೋ ಏಳನೆಯದೋ ಇರಬೇಕು, ಅವನ ಕೈ ಇನ್ನೂ ಅಲುಗಿರಲಿಲ್ಲ, ಬಲಹುಬ್ಬಿನ ಕೊನೆ ಚೂರು ಬಿಗಿಯಾಯಿತು.

“ಬಾಲ ಇದೆ. ಎಸಿ ಅತ್ಲಾಗೆ,” ಎಂದೆ.

ಅವನು ಹೆಡ್‌ಫೋನ್ ಸರಿಸಿ ನನ್ನನ್ನು ನೋಡಿದ. “ಕೇಳಿಸ್ತಾ ಆಂಟಿ?”

“ಇಲ್ಲ,” ಎಂದೆ. “ಕಾಣಿಸ್ತು.”

ಸಂಜೆಯ ಹೊತ್ತಿಗೆ ನನ್ನ ಚುಕ್ಕಿಯ ಒಂಬತ್ತು ವಾಲ್ವುಗಳು ರಿಜೆಕ್ಟ್ ಪೆಟ್ಟಿಗೆಗೆ ಹೋದವು. ಹತ್ತಿಗೆ ರಿಮೂವರ್ ಹಾಕಿ ಒಂದೊಂದರ ಹಸಿರನ್ನೂ ನಾನೇ ಒರೆಸಿದೆ. ಹಳದಿ ಚುಕ್ಕಿಯ ವಾಲ್ವ್ ಕೊನೆಯಲ್ಲಿ ಉಳಿಯಿತು. ಅದರ ಮೇಲಿನ ಹಸಿರನ್ನೂ ಒರೆಸಿದೆ, ಹಳದಿಗೆ ತಾಗದ ಹಾಗೆ. ನಮ್ಮ ಫ್ಯಾಕ್ಟರಿಯಲ್ಲಿ ರಿಜೆಕ್ಟ್ ಆದದ್ದನ್ನು ಶನಿವಾರ ಡ್ರಮ್ಮಿಗೆ ಹಾಕಿ ಸುತ್ತಿಗೆಯಿಂದ ಒಡೆಯುತ್ತಿದ್ದರು. ಅದನ್ನು ಅವನಿಗೆ ಹೇಳಿದೆ.

“ಇದನ್ನ ಒಡೆಯೋದು ಬೇಡ ಆಂಟಿ. ಇದನ್ನ ಟೆಸ್ಟ್ ಮಾಡಿದ್ದು ರೇಡಿಯೋಗೆ, ಅಲ್ಲಿ ನಡೀತಿತ್ತೇನೋ. ನಾನು ತಗೊಂಡೋಗಿ ಮೊದಲನೇ ಸಾಕೆಟ್‌ಗೆ ಹಾಕ್ದೆ. ಕೊನೇ ಸಾಕೆಟ್‌ನಲ್ಲಿ ಬಾಲ ಇದ್ರೂ ಕೇಳಲ್ಲ. ಅಲ್ಲಿ ಈ ವಾಲ್ವ್ ಸಾಹೇಬ್ರು ರಾಜರ ಹಾಗಿರ್ತಾರೆ.”

ಆ ಹುಡುಗಿಯ ಆಂಪಿನ ಮೊದಲ ಸಾಕೆಟ್ಟಿಗೆ ಬೇರೆಯದನ್ನೂ ಕೊನೆಯದಕ್ಕೆ ಇದನ್ನೂ ಹಾಕಿದ. ಗಿಟಾರ್ ಸಿಕ್ಕಿಸಿ, ಈ ಸಲ ಕೆಳಗಿನ ಕೂಸಿಗೆ ಅಂಜದೆ ಜೋರಾಗಿ ನುಡಿಸಿದ. ನನಗೆ ಕೇಳಿದ್ದು ದಪ್ಪ ಸ್ವರಗಳು ಮಾತ್ರ. ಸಣ್ಣವನ್ನು ಅವನ ಹುಬ್ಬು ನೋಡಿ ತಿಳಿದೆ. ಅದು ಬಿಗಿಯಾಗಲಿಲ್ಲ. ಕೆಳಗೆ ಕೂಸು ಅತ್ತಿತು. ಹಿಂದಿನ ಹಲಗೆ ಮುಚ್ಚುವ ಮೊದಲು ಪೆನ್ಸಿಲ್ ತೆಗೆದು, ಒಳಗೆ ‘ಕಿವಿ’ ಎಂದಿದ್ದ ಕಡೆ ನನ್ನ ಹೆಸರಿನ ಮೇಲೆ ಜಾಗ ನೋಡಿದ.

“ಅವರ ಹೆಸರೇನು ಆಂಟಿ?”

ಆ ಹೆಸರನ್ನು ನಾನು ಬಾಯಲ್ಲಿ ಹೇಳಿ ಎಷ್ಟೋ ವರ್ಷವಾಗಿತ್ತು. ಹೇಳಿದೆ. ಅವನು ಬರೆದ, ದುಂಡಗೆ, ಕನ್ನಡದಲ್ಲಿ. “ನಂದು ಅಳಿಸ್ಬಿಡು,” ಎಂದೆ. ಅಳಿಸಿದ. ಮುಂದಿನ ಮಂಗಳವಾರ ಬರ್ತೀರಲ್ಲ, ಮಣಿಕಟ್ಟು ಇನ್ನೂ ಸಡಿಲ ಆಗಿಲ್ಲ ಎಂದ. ಬರ್ತೀನಿ ಎಂದೆ. ಆಮೇಲೆ ಹಲಗೆಯ ಸ್ಕ್ರೂ ತಿರುಗಿಸುತ್ತಾ, ತಲೆ ಎತ್ತದೆ ಕೇಳಿದ: “ಅವರು ಈ ಊರಿನವರೇ ಅಂದ್ರಲ್ಲ. ಓನರಮ್ಮನ್ನ ಕೇಳಿದ್ರಾ?”

ಇಳಿಯುವಾಗ ಹತ್ತುವಾಗಿನಷ್ಟೇ ಮೆಟ್ಟಿಲು, ಆದರೆ ನಿಧಾನವಾಗಿ ಇಳಿದೆ. ಓನರಮ್ಮ ಬಾಗಿಲಲ್ಲಿ ಮೊರದ ತುಂಬ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಒಮ್ಮೆ ಹೇಳಿದ ಹೆಸರನ್ನು ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಅವಳ ಅಣ್ಣನ ಸೈಕಲ್ಲು, ಕೆರೆ ಏರಿಯ ಪಕ್ಕದ ಮನೆ, ಫ್ಯಾಕ್ಟರಿ, ಎಲ್ಲ ಹೇಳಿದೆ.

ಅವರ ಕೈ ಮೊರದಲ್ಲೇ ನಿಂತಿತು. “ಫ್ಯಾಕ್ಟ್ರಿ ಅಕ್ಕ,” ಎಂದರು. “ನಾವು ಚಿಕ್ಕೋರು ಆಗ. ದಿನಾ ಬೆಳಗ್ಗೆ ಸೈಕಲ್ ಮ್ಯಾಲೆ ಹೋಗೋಳು. ನಿಮಗೆಂಗೆ ಗೊತ್ತು ಅವಳು?”

“ಪಕ್ಕದ ಸ್ಟೂಲ್ ನಂದು.”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಈ ಒಂದು ವರ್ಷ ನೋಡೇ ಇಲ್ಲವೇನೋ ಎಂಬಂತೆ. “ಕಾನ್ವೆಂಟು ಅಂತಿದ್ದಳು ಒಬ್ಬಳನ್ನ. ಅದು ನೀವಾ?” ಎಂದು ಮೊರ ಪಕ್ಕಕ್ಕೆ ಸರಿಸಿ, ಜಗಲಿಯ ಮೇಲೆ ಜಾಗ ಮಾಡಿದರು. “ಕೂತ್ಕಳಿ ಮೇಡಮ್ಮೋರೆ. ಯೋಳ್ತೀನಿ.”

ಅವರು ಕೂತಿದ್ದದ್ದು ನನ್ನ ಎಡಕ್ಕೆ. ಎದ್ದು ಆಚೆ ಬದಿಗೆ ಹೋಗಿ, ಬಲಗಿವಿ ಅವರ ಕಡೆ ಬರುವ ಹಾಗೆ ಕೂತೆ.